ಏರಿನಲ್ಲಿ ನಡೆಯಿರಿ, ಇಳಿಜಾರು ಕಲಿಯಿರಿ: ಘಟ್ಟದ ಓಟಕ್ಕೆ ತಯಾರಾಗುವ ಬಗೆ

ಗುಡ್ಡದ ಓಟಕ್ಕೆ ಹೆಸರು ಕೊಡುವವರು ಮೊದಲು ಕೇಳುವುದು ‘ಎಷ್ಟು ಕಿಲೋಮೀಟರ್?’ ಎಂದು. ಕಾರವಾರದ ಟಾಗೋರ್ ಕಡಲತೀರದಲ್ಲಿ ಬೆಳಿಗ್ಗೆ ಓಡುವವರಿಗೆ ಆ ಲೆಕ್ಕ ಸಾಕು. ದೇವಿಮನೆ ಘಟ್ಟದ ಆಸುಪಾಸಿನಲ್ಲೋ ಯಾಣದ ಕಡೆಯ ಕಾಲುದಾರಿಗಳಲ್ಲೋ ಓಟ ಇದ್ದರೆ ಕೇಳಬೇಕಾದ ಪ್ರಶ್ನೆ ಬೇರೆ: ಒಟ್ಟು ಎಷ್ಟು ಮೀಟರ್ ಏರಬೇಕು, ಎಷ್ಟು ಮೀಟರ್ ಇಳಿಯಬೇಕು? ಬಯಲಲ್ಲಿ ಹತ್ತು ಕಿಲೋಮೀಟರನ್ನು ಒಂದು ತಾಸಿನಲ್ಲಿ ಮುಗಿಸುವ ಹುಡುಗ ಇಲ್ಲಿ ಒಂದೂಮುಕ್ಕಾಲು ತಾಸಾದರೂ ಕಾಡಿನೊಳಗೇ ಇರುತ್ತಾನೆ. ಅವನ ಹಿಂದೆ ನಿಧಾನಕ್ಕೆ ಹೊರಟ ನಲವತ್ತೈದರ ಗೃಹಸ್ಥರು, ಏರಿನಲ್ಲೆಲ್ಲ ನಡೆದೇ ಬಂದವರು, ಕೊನೆಯ ಇಳಿಜಾರಿನಲ್ಲಿ ಅವನನ್ನು ದಾಟಿ ಹೋಗುತ್ತಾರೆ. ಇದರಲ್ಲಿ ಪವಾಡವೇನೂ ಇಲ್ಲ. ಘಟ್ಟದ ಓಟದಲ್ಲಿ ಜನ ಕುಸಿಯುವುದು ಹೆಚ್ಚಾಗಿ ಇಳಿಯುವಾಗ. ಅದಕ್ಕೆ ಕಾರಣ ಏರುವಾಗ ಮಾಡಿದ ಅವಸರ, ಮತ್ತು ಇಳಿಯುವುದಕ್ಕೂ ಅಭ್ಯಾಸ ಬೇಕು ಎಂಬುದು ಹೊಳೆಯದೇ ಇದ್ದದ್ದು.

ಮೊದಲು ಲೆಕ್ಕ

ಟ್ರೇಲ್ ಓಟಗಳ, ಅಂದರೆ ಕಾಡು–ಗುಡ್ಡದ ಕಾಲುದಾರಿ ಓಟಗಳ, ಅಂತರರಾಷ್ಟ್ರೀಯ ಸಂಘಟನೆ ಐಟಿಆರ್‌ಎ ಬಳಸುವ ಲೆಕ್ಕ ಸರಳವಾಗಿದೆ: ಪ್ರತಿ 100 ಮೀಟರ್ ಏರಿಗೆ 1 ಕಿ.ಮೀ. ಕೂಡಿಸುವುದು. 20 ಕಿ.ಮೀ. ಓಟದಲ್ಲಿ 900 ಮೀಟರ್ ಏರು ಇದ್ದರೆ ಅದು 29 ಕಿ.ಮೀ.ಯ ಶ್ರಮ. ನೀವು ಬಯಲಿನ ಹಾಫ್ ಮ್ಯಾರಥಾನನ್ನು (21.1 ಕಿ.ಮೀ.) 2 ತಾಸು 15 ನಿಮಿಷದಲ್ಲಿ ಮುಗಿಸುವವರಾದರೆ ನಿಮ್ಮ ವೇಗ ಕಿಲೋಮೀಟರಿಗೆ ಸುಮಾರು 6 ನಿಮಿಷ 24 ಸೆಕೆಂಡು. ಅದನ್ನು 29ರಿಂದ ಗುಣಿಸಿದರೆ 3 ತಾಸು 5 ನಿಮಿಷ. ಕಲ್ಲು, ಬೇರು, ಹಳ್ಳ, ಸಂಕ (ಕಾಲುಸೇತುವೆ) ಅಂತ ಇನ್ನೊಂದು ಅರ್ಧ ತಾಸು ಹಾಕಿಕೊಳ್ಳಿ. ಮೂರೂವರೆ ತಾಸು ಎಂದು ಮನಸ್ಸಿನಲ್ಲಿಟ್ಟುಕೊಂಡು ಹೊರಟವರಿಗೆ ದಾರಿಯಲ್ಲಿ ಗಾಬರಿ ಆಗುವುದಿಲ್ಲ.

ನಡೆಯುವವರ ಲೆಕ್ಕ ಇದಕ್ಕಿಂತ ಹಳೆಯದು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟದ್ದು: ಮೂರು ಮೈಲಿಗೆ ಒಂದು ತಾಸು, ಅದರ ಮೇಲೆ ಪ್ರತಿ 2000 ಅಡಿ ಏರಿಗೆ ಇನ್ನೊಂದು ತಾಸು. 2000 ಅಡಿ ಅಂದರೆ 610 ಮೀಟರ್, ಕುಮಟೆಯ ಕಡಲಂಚಿನಿಂದ ಶಿರಸಿಯ ಎತ್ತರಕ್ಕೆ ಏರಿದಷ್ಟು. ಈ ಲೆಕ್ಕದಲ್ಲಿ ಮೇಲಿನ ಓಟವನ್ನು ಪೂರ್ತಿ ನಡೆದೇ ಮುಗಿಸಲು ಐದೂವರೆ ತಾಸು ದಾಟುತ್ತದೆ. ಆಯೋಜಕರು ಕಟ್‌ಆಫ್ (ಓಟ ಮುಗಿಸಲೇಬೇಕಾದ ಗಡುವು) ಐದು ತಾಸು ಇಟ್ಟಿದ್ದರೆ ಬರೇ ನಡಿಗೆ ಸಾಲದು, ಬಯಲು ಮತ್ತು ಇಳಿಜಾರಿನಲ್ಲಿ ಓಡಲೇಬೇಕು ಎಂದು ಮನೆಯಲ್ಲೇ ಗೊತ್ತಾಗುತ್ತದೆ.

ಏರು ಮಾತ್ರವೋ, ಏರಿ ಇಳಿಯುವುದೋ ಎಂಬುದನ್ನೂ ನೋಡಿ. 1985ರಲ್ಲಿ ಇಟಲಿಯಲ್ಲಿ ಶುರುವಾದ ಪರ್ವತ ಓಟದ ವಿಶ್ವ ಟ್ರೋಫಿಯಲ್ಲೂ ಇವೆರಡು ಬಗೆಗಳಿದ್ದವು. ಬರೇ ಏರುವ ಓಟಕ್ಕೆ ದಮ್ಮು ಸಾಕು. ಏರಿ ಇಳಿಯುವ ಓಟಕ್ಕೆ ತೊಡೆ ಬೇಕು. ಮೊದಲ ಬಾರಿಗೆ ಹೋಗುವವರು 10ರಿಂದ 15 ಕಿ.ಮೀ., 500 ಮೀಟರ್ ಏರಿನೊಳಗಿನದನ್ನು ಆರಿಸಿಕೊಳ್ಳುವುದು ಒಳ್ಳೆಯದು. ‘50 ಕಿ.ಮೀ. ಓಡಿದೆ’ ಎಂದು ಸ್ಟೇಟಸ್ ಹಾಕುವ ಆಸೆ ಇದ್ದರೆ ಅದಕ್ಕೆ ಮುಂದಿನ ವರ್ಷ ಇದ್ದೇ ಇದೆ.

ದುಡ್ಡು ಕಟ್ಟುವ ಮೊದಲು ಆಯೋಜಕರಿಗೆ ಫೋನು ಮಾಡಿ ಕೇಳಬೇಕಾದ ಮಾತುಗಳು ಕೆಲವಿವೆ. ಅರಣ್ಯ ಇಲಾಖೆಯ ಅನುಮತಿ ಸಿಕ್ಕಿದೆಯೇ? ನಮ್ಮ ಉತ್ತರ ಕನ್ನಡ ಜಿಲ್ಲೆಯ ದೊಡ್ಡ ಭಾಗ ಕಾಡೇ; ಜೋಯಿಡಾ ಕಡೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಹೊನ್ನಾವರ–ಸಿದ್ದಾಪುರದ ಕಡೆ ಸಿಂಗಳೀಕಗಳ ಶರಾವತಿ ಅಭಯಾರಣ್ಯ. ಅನುಮತಿ ಇಲ್ಲದ ದಾರಿಯಲ್ಲಿ ಓಡಿಸಿದರೆ ಗೇಟಿನಲ್ಲಿ ಗಾರ್ಡ್ ತಡೆಯುವುದು ನಿಮ್ಮನ್ನೇ. ನೀರು ಎಷ್ಟು ದೂರಕ್ಕೊಮ್ಮೆ ಇಟ್ಟಿರುತ್ತಾರೆ? ಆಂಬುಲೆನ್ಸ್ ಎಲ್ಲಿ ನಿಂತಿರುತ್ತದೆ, ಅಲ್ಲಿಗೆ ತಲುಪಲು ಗಾಯಾಳುವನ್ನು ಎಷ್ಟು ದೂರ ಹೊತ್ತು ತರಬೇಕು? ಗಡಿಯಾರಕ್ಕೋ ಫೋನಿಗೋ ಹಾಕಿಕೊಳ್ಳುವ ದಾರಿಯ ನಕಾಶೆ, ಜಿಪಿಎಕ್ಸ್ ಫೈಲ್ ಕೊಡುತ್ತಾರಾ? ಕೊನೆಯ ಎರಡು ಪ್ರಶ್ನೆಗೆ ಉತ್ತರ ತಡವರಿಸಿದರೆ ನಾನಾದರೆ ಆ ಓಟ ಬಿಟ್ಟುಬಿಡುತ್ತೇನೆ.

ಒಂದು ವ್ಯಾವಹಾರಿಕ ಮಾತು. ಶಿರಸಿಗೆ ರೈಲಿಲ್ಲ. ಕರಾವಳಿ ಕಡೆಯಿಂದ ಕುಮಟಾ, ಬಯಲುಸೀಮೆ ಕಡೆಯಿಂದ ಹಾವೇರಿ, ಸಾಗರದ ಕಡೆಯಿಂದ ತಾಳಗುಪ್ಪ ನಿಲ್ದಾಣಗಳಲ್ಲಿ ಇಳಿದು ಬಸ್ಸು ಹಿಡಿಯಬೇಕು. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಹೊತ್ತಿಗೆ ಓಟ ಬಿದ್ದರೆ ಶಿರಸಿಯಲ್ಲಿ ರೂಮಿನ ಆಸೆ ಬಿಟ್ಟು ನೆಂಟರ ಮನೆ ಹುಡುಕಿಕೊಳ್ಳಿ.

ಹನ್ನೆರಡು ವಾರ, ಹಬ್ಬಗಳ ನಡುವೆ

ನಮ್ಮ ಕಡೆ ಓಟಕ್ಕೆ ಹದವಾದ ಕಾಲ ನವೆಂಬರ್ ಕೊನೆಯಿಂದ ಫೆಬ್ರುವರಿವರೆಗೆ. ಹಾಗಾದರೆ ತಯಾರಿ ಚೌತಿ ಕಳೆದ ಕೂಡಲೇ ಶುರುವಾಗಬೇಕು. ಮಳೆ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ, ಅಂಗಳದ ಹಾವಸೆ (ಪಾಚಿ) ಒಣಗಿರುವುದಿಲ್ಲ. ಪರವಾಗಿಲ್ಲ, ಮೊದಲ ನಾಲ್ಕು ವಾರ ಡಾಂಬರು ರಸ್ತೆಯೇ ಸಾಕು. ಜೋರು ಮಳೆಯಲ್ಲಿ ಮಾತ್ರ ಘಟ್ಟದ ರಸ್ತೆಗೆ ಹೋಗಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದು ನಮ್ಮ ಜಿಲ್ಲೆಯಲ್ಲಿ ಯಾರಿಗೂ ನೆನಪಿಸಬೇಕಾಗಿಲ್ಲ.

ಮೊದಲ ನಾಲ್ಕು ವಾರ ವಾರಕ್ಕೆ ಮೂರು ಅಥವಾ ನಾಲ್ಕು ದಿನ ಓಟ, ಮಾತಾಡುತ್ತ ಓಡಬಹುದಾದ ವೇಗದಲ್ಲಿ. ಜೊತೆಗಾರರಿಗೆ ಪೂರ್ತಿ ಒಂದು ವಾಕ್ಯ ಹೇಳಲಾಗದಿದ್ದರೆ ವೇಗ ಜಾಸ್ತಿಯಾಯಿತು ಎಂದರ್ಥ. ಐದನೇ ವಾರದಿಂದ ಒಂದು ದಿನ ಏರಿಗೆ ಮೀಸಲು. ಎರಡರಿಂದ ಮೂರು ನಿಮಿಷ ಹತ್ತುವಷ್ಟು ಉದ್ದದ ಏರು ಹುಡುಕಿ ಆರು ಸಲ ಹತ್ತಿ, ನಿಧಾನ ಇಳಿದು ಬನ್ನಿ. ವಾರಕ್ಕೊಂದು ಸಲ ಹೆಚ್ಚಿಸುತ್ತ ಹತ್ತಕ್ಕೆ ತನ್ನಿ. ಭಾನುವಾರ ಉದ್ದದ ಓಟ: ಒಂಬತ್ತು–ಹತ್ತನೇ ವಾರದ ಹೊತ್ತಿಗೆ ಓಟದ ದಿನದ ಏರಿನ ಮುಕ್ಕಾಲು ಪಾಲು ಒಂದೇ ಬೆಳಿಗ್ಗೆ ಹತ್ತಿ ಇಳಿದಿರಬೇಕು. 900 ಮೀಟರಿನ ಓಟಕ್ಕೆ ಸುಮಾರು 675 ಮೀಟರ್. ವಾರದಲ್ಲಿ ಎರಡು ದಿನ ಇಪ್ಪತ್ತು ನಿಮಿಷ ಬೈಠಕ್, ಲಂಜ್ (ಒಂದು ಕಾಲು ಮುಂದಿಟ್ಟು ಮೊಣಕಾಲು ಮಡಚಿ ಇಳಿಯುವುದು), ಹಿಮ್ಮಡಿ ಎತ್ತುವುದು, ಮೆಟ್ಟಿಲಿನಿಂದ ಒಂದೇ ಕಾಲಲ್ಲಿ ನಿಧಾನಕ್ಕೆ ಇಳಿಯುವುದು. ಜನ ಇದನ್ನೇ ಮೊದಲು ಕೈಬಿಡುತ್ತಾರೆ. ಕೊನೆಗೆ ಮೊಣಕಾಲು ಉಳಿಸುವುದೂ ಇದೇ.

ಏರು ಎಲ್ಲಿ ಸಿಗುತ್ತದೆ ಎಂದು ಘಟ್ಟದ ಮೇಲಿನವರು ಕೇಳಲೇಬಾರದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ತೋಟ ಕಣಿವೆಯ ತಳದಲ್ಲಿ, ಮನೆ ಅದರ ಮೇಲೆ, ಬಸ್ಸು ಬರುವ ರಸ್ತೆ ಇನ್ನೂ ಮೇಲೆ. ತೋಟದ ಬುಡದಿಂದ ರಸ್ತೆಯವರೆಗೆ ಹತ್ತು ಸಲ ಹತ್ತಿದರೆ ಅದೇ ತರಬೇತಿ. ಕೊಯ್ಲಿನ ದಿನಗಳಲ್ಲಿ ಅಡಿಕೆಗೊನೆ ಹೊತ್ತು ಹತ್ತಿದ್ದೂ ಲೆಕ್ಕಕ್ಕೆ ಬರುತ್ತದೆ. ಆ ದಿನ ಬೇರೆ ಓಟ ಬೇಡ. ಕಾರವಾರದವರಿಗೆ ಕಾಳಿ ಸೇತುವೆಯ ಆಚೆಯ ಸದಾಶಿವಗಡದ ಗುಡ್ಡ ಚಿಕ್ಕ ಏರುಗಳಿಗೆ ಸರಿ, ಉದ್ದದ ದಿನಕ್ಕೆ ಗುಡ್ಡಳ್ಳಿ. ಗೋಕರ್ಣದವರಿಗೆ ಕುಡ್ಲೆಯಿಂದ ಓಂ ಬೀಚ್, ಅಲ್ಲಿಂದ ಹಾಫ್ ಮೂನ್ ಕಡೆ ಹೋಗುವ ಬಂಡೆದಾರಿ ಇದೆ. ಕಲ್ಲಿನ ಮೇಲೆ ಕಾಲಿಡುವುದನ್ನು ಅದಕ್ಕಿಂತ ಚೆನ್ನಾಗಿ ಯಾವ ಕೋಚೂ ಕಲಿಸಲಾರ. ಹುಬ್ಬಳ್ಳಿಯವರು ನೃಪತುಂಗ ಬೆಟ್ಟ ಹತ್ತಲಿ. ಬೆಂಗಳೂರಿನವರು ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿ ಇಳಿಯಲಿ, ಲಿಫ್ಟಿನಲ್ಲಿ ಕೆಳಗೆ ಬರುವುದು ಬೇಡ. ಯಾಕೆಂದು ಮುಂದೆ ಹೇಳುತ್ತೇನೆ.

ಅರಬೈಲ್ ಘಟ್ಟದಲ್ಲಿ ಮಾತ್ರ ಓಡಬೇಡಿ. ಹುಬ್ಬಳ್ಳಿ–ಅಂಕೋಲಾ ಹೆದ್ದಾರಿಯ ಆ ತಿರುವುಗಳಲ್ಲಿ ಲಾರಿ ಚಾಲಕರಿಗೆ ನೀವು ಕಾಣುವುದೇ ಇಲ್ಲ.

ಹಳ್ಳಿಯ ದಾರಿಗಳಲ್ಲಿ ಅಭ್ಯಾಸ ಮಾಡುವಾಗ ಒಂದು ಶಿಸ್ತು ಇದೆ. ದಾಟಲು ದಣಪೆ (ಬೇಲಿಗೆ ಅಡ್ಡ ಹಾಕಿದ ಗಳಗಳ ಬಾಗಿಲು) ತೆಗೆದರೆ, ದಾಟಿದ ಮೇಲೆ ಗಳಗಳನ್ನು ಮತ್ತೆ ಇದ್ದ ಹಾಗೇ ಸೇರಿಸಿ. ನೀವು ಓಡುವ ಗುಂಗಿನಲ್ಲಿ ತೆರೆದಿಟ್ಟು ಹೋದರೆ ಸಂಜೆಯೊಳಗೆ ದನಗಳು ತೋಟಕ್ಕಿಳಿದಿರುತ್ತವೆ. ಮರುದಿನದಿಂದ ಆ ದಾರಿ ಓಡುವವರೆಲ್ಲರಿಗೂ ಬಂದ್. ಎದುರಿಗೆ ಸಿಕ್ಕಿದ ಹಿರಿಯರಿಗೆ ಒಂದು ಮಾತು ಹೇಳಿ ಮುಂದೆ ಹೋಗಿ. ‘ಎಂತಕ್ಕೆ ಓಡ್ತೆ ತಮಾ, ಬಸ್ಸು ಬತ್ತಲ!’ ಎಂದು ಅವರು ಕೇಳುವುದು ನಿಜವಾಗಿಯೂ ನಿಮ್ಮ ಮೇಲಿನ ಕನಿಕರದಿಂದ. ದಾರಿ ಕೇಳುವಾಗ ಮಾತ್ರ ಎಚ್ಚರ: ನಮ್ಮಲ್ಲಿ ‘ಇಲ್ಲೇ, ಒಂದು ಕೂಗಳತೆ’ ಎಂದರೆ ಮುನ್ನೂರು ಮೀಟರೂ ಆಗಬಹುದು, ಮೂರು ಕಿಲೋಮೀಟರೂ ಆಗಬಹುದು.

ಏರು: ನಾಚಿಕೆ ಬಿಟ್ಟು ನಡೆಯುವುದು

ಒಂದು ಕಿಲೋಮೀಟರಿಗೆ 100 ಮೀಟರ್ ಏರಿದರೆ ಅದು ಶೇಕಡಾ 10ರ ಏರು. ಅಲ್ಲಿಯವರೆಗೆ ಸಣ್ಣ ಹೆಜ್ಜೆಯಲ್ಲಿ ಓಡಬಹುದು. ಶೇಕಡಾ 15 ದಾಟಿತೆಂದರೆ ನಮ್ಮಂಥ ಸಾಮಾನ್ಯ ಓಟಗಾರರಿಗೆ ಓಡಿದರೂ ನಡೆದರೂ ವೇಗ ಹೆಚ್ಚುಕಡಿಮೆ ಒಂದೇ, ಓಡಿದರೆ ಎದೆಬಡಿತ ಮಾತ್ರ ಮೇಲಕ್ಕೆ. ಪಕ್ಕದಲ್ಲಿ ನಡೆಯುವವರು ನಿಮ್ಮ ಜೊತೆಜೊತೆಗೇ ಬರುತ್ತಿದ್ದರೆ ನೀವು ಓಡುತ್ತಿರುವುದು ದಂಡ. ಅಂಗೈಯನ್ನು ತೊಡೆಯ ಮೇಲೆ, ಮೊಣಕಾಲಿನಿಂದ ಸ್ವಲ್ಪ ಮೇಲೆ ಊರಿ, ಪ್ರತಿ ಹೆಜ್ಜೆಗೂ ಒತ್ತಿ ಹತ್ತಿ. ಸೊಂಟ ಬಾಗಿಸಿ ನೆಲ ನೋಡುತ್ತ ಹೋದರೆ ಉಸಿರು ಕಟ್ಟುತ್ತದೆ. ಎದೆ ತೆರೆದಿರಲಿ, ಕಣ್ಣು ನಾಲ್ಕು ಹೆಜ್ಜೆ ಮುಂದಿರಲಿ.

ಗಡಿಯಾರದಲ್ಲಿ ಕಿಲೋಮೀಟರಿನ ವೇಗ ತೋರಿಸುವ ಪರದೆಯನ್ನು ಆ ದಿನ ಮರೆಮಾಡಿಬಿಡಿ. ಏರಿನಲ್ಲಿ ಅದು ಕಿಲೋಮೀಟರಿಗೆ 14 ನಿಮಿಷ ಎಂದು ತೋರಿಸಿದರೆ ಎಂಥವರಿಗೂ ಮನಸ್ಸು ಕುಗ್ಗುತ್ತದೆ, ಸುಮ್ಮನೆ ಅವಸರ ಹುಟ್ಟುತ್ತದೆ. ಎದೆಬಡಿತ ತೋರಿಸಿದರೆ ಸಾಕು, ಇಲ್ಲದಿದ್ದರೆ ಮಾತಾಡಿ ನೋಡುವ ಪರೀಕ್ಷೆ ಇದ್ದೇ ಇದೆ. ತುದಿ ತಲುಪಿದಾಗ ‘ಇನ್ನೂ ಹತ್ತಬಹುದಿತ್ತು’ ಅನ್ನಿಸಬೇಕು.

ಇಳಿಜಾರು: ಕಲಿಯಬೇಕಾದ್ದು ಇಲ್ಲಿದೆ

ಶೇಕಡಾ 20ರ ಸುತ್ತಮುತ್ತಲಿನ ಇಳಿಜಾರಿನಲ್ಲಿ ಓಡಲು ದೇಹ ಖರ್ಚು ಮಾಡುವ ಶಕ್ತಿ ತೀರಾ ಕಡಿಮೆ, ಸಮತಟ್ಟಿನಲ್ಲಿ ಓಡುವುದಕ್ಕಿಂತಲೂ ಕಡಿಮೆ. ಉಸಿರು ಹಗುರಾಗಿರುತ್ತದೆ, ಗಾಳಿ ಮುಖಕ್ಕೆ ಬೀಸುತ್ತದೆ, ಮನಸ್ಸು ಹಾರುತ್ತದೆ. ಮೋಸ ಆಗುವುದು ಇಲ್ಲೇ. ಪ್ರತಿ ಹೆಜ್ಜೆ ನೆಲಕ್ಕೆ ಬಿದ್ದಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಯಬೇಕು. ಕುಗ್ಗುತ್ತ ಕೆಲಸ ಮಾಡುವ ಸ್ನಾಯುವಿಗಿಂತ ಹಿಗ್ಗುತ್ತ ತಡೆಯುವ ಸ್ನಾಯುವಿಗೆ ಏಟು ಜಾಸ್ತಿ. ಆ ಏಟಿನ ನೋವು ಅದೇ ದಿನ ಗೊತ್ತಾಗುವುದೂ ಇಲ್ಲ. 24ರಿಂದ 72 ತಾಸುಗಳ ನಡುವೆ, ಹೆಚ್ಚಾಗಿ ಎರಡನೇ ದಿನ, ಬಚ್ಚಲಿಗೆ ಹೋಗಿ ಕೂರಲೂ ಆಗದಂತೆ ಬರುತ್ತದೆ. ಓಟದ ದಿನ ಕಾಣುವುದು ಬರೇ ನಡುಕ: ಹನ್ನೆರಡನೇ ಕಿಲೋಮೀಟರಿನ ಹೊತ್ತಿಗೆ ತೊಡೆ ಗಡಗಡ ಎನ್ನುತ್ತದೆ, ಬೇರಿಗೆ ಕಾಲು ತಾಗಿದರೆ ಎತ್ತಲಾಗುವುದಿಲ್ಲ.

ಇದಕ್ಕೆ ಔಷಧವೂ ಇಳಿಜಾರೇ. ಒಮ್ಮೆ ಇಳಿಜಾರಿನಲ್ಲಿ ಚೆನ್ನಾಗಿ ಓಡಿ ನೋವು ತಿಂದು ಚೇತರಿಸಿಕೊಂಡ ಸ್ನಾಯು, ಮುಂದಿನ ಕೆಲವು ವಾರ ಅಂಥದ್ದೇ ಏಟನ್ನು ಸಲೀಸಾಗಿ ತಡೆದುಕೊಳ್ಳುತ್ತದೆ. ಹಾಗಾಗಿ ಆರನೇ ವಾರದಿಂದ ಹದಿನೈದು ದಿನಕ್ಕೊಮ್ಮೆ ಉದ್ದದ ಇಳಿಜಾರಿನ ಓಟ ಇಟ್ಟುಕೊಳ್ಳಿ. ಮೊದಲ ಸಲ 200 ಮೀಟರ್ ಇಳಿದರೆ ಸಾಕು, ಆಮೇಲೆ 300, 400. ಕೊನೆಯ ದೊಡ್ಡ ಇಳಿಕೆ ಓಟಕ್ಕೆ ಎರಡರಿಂದ ಮೂರು ವಾರ ಮೊದಲು ಮುಗಿಯಬೇಕು. ಕೊನೆಯ ಹತ್ತು ದಿನ ಇಳಿಜಾರಿನಲ್ಲಿ ಸಾಹಸ ಬೇಡ. ಬೆಂಗಳೂರಿನವರಿಗೆ ಲಿಫ್ಟ್ ಬೇಡ ಎಂದದ್ದು ಇದಕ್ಕೇ.

ಇಳಿಯುವ ರೀತಿ ನೋಡಬೇಕೆಂದರೆ ಸೊಪ್ಪಿನ ಬೆಟ್ಟದಿಂದ ಹೊರೆ ಹೊತ್ತು ಬರುವ ಹೆಂಗಸರನ್ನು ಒಂದು ಬೆಳಿಗ್ಗೆ ನಿಂತು ನೋಡಿ. ತಲೆಯ ಮೇಲೆ ಹಸಿಸೊಪ್ಪಿನ ಹೊರೆ, ಕಾಲಡಿ ದರಕು (ಒಣಗಿ ಉದುರಿದ ಎಲೆ), ದರಕಿನ ಅಡಿಯಲ್ಲಿ ಉರುಟು ಹರಳು. ಆದರೂ ಹೊರೆ ಅಲ್ಲಾಡುವುದಿಲ್ಲ. ಹೆಜ್ಜೆ ಚಿಕ್ಕದು, ಬೇಗಬೇಗ ಬೀಳುತ್ತದೆ. ಮೊಣಕಾಲು ಯಾವತ್ತೂ ನೆಟ್ಟಗಾಗುವುದಿಲ್ಲ, ಸದಾ ತುಸು ಮಡಚಿರುತ್ತದೆ. ಪಾದ ದೇಹದ ಮುಂದಕ್ಕೆ ಚಾಚುವುದಿಲ್ಲ, ಸೊಂಟದ ಕೆಳಗೇ ಬೀಳುತ್ತದೆ. ಹಿಮ್ಮಡಿಯನ್ನು ಮುಂದೆ ಕುಟ್ಟಿ ಬ್ರೇಕು ಹಾಕುವ ಅಭ್ಯಾಸ ಅವರಿಗಿಲ್ಲ. ತೀರಾ ಕಡಿದಾದಲ್ಲಿ ಮೈಯನ್ನು ಓರೆ ಮಾಡಿ ಅಂಕುಡೊಂಕಾಗಿ ಇಳಿಯುತ್ತಾರೆ. ಓಟಗಾರ ಕಲಿಯಬೇಕಾದದ್ದು ಅಷ್ಟೂ ಇಲ್ಲಿದೆ. ಹೊರೆ ಇಲ್ಲದ ನಮಗೆ ಕೈ ಖಾಲಿ. ಮೊಣಕೈ ಅಗಲಿಸಿ ತೂಕ ಹಿಡಿಯಲು ಬಳಸಬಹುದು.

ಹೆದರಿ ಹಿಂದಕ್ಕೆ ವಾಲಬೇಡಿ. ಹಿಂದಕ್ಕೆ ವಾಲಿದಷ್ಟೂ ಹಿಮ್ಮಡಿ ಜಾರುತ್ತದೆ, ಕೂತೇ ಬೀಳುತ್ತೀರಿ. ಕಣ್ಣು ಕಾಲ ಬುಡದಲ್ಲಿರದೆ ಮೂರು–ನಾಲ್ಕು ಮೀಟರ್ ಮುಂದಿರಲಿ.

ನಮ್ಮ ನೆಲಕ್ಕೆ ಅದರದೇ ಸ್ವಭಾವ ಇದೆ. ಚಿರೆಕಲ್ಲಿನ ಹಾಸು ಒಣಗಿದ್ದರೆ ಚೆನ್ನಾಗಿ ಹಿಡಿಯುತ್ತದೆ. ಹಾವಸೆ ಕಟ್ಟಿ ಒದ್ದೆಯಾಗಿದ್ದರೆ ಯಾವ ಶೂ ಹಾಕಿದರೂ ಪ್ರಯೋಜನವಿಲ್ಲ, ನಡೆದೇ ದಾಟಬೇಕು. ಜನವರಿಯ ಹೊತ್ತಿಗೆ ದಾರಿಯ ಮೇಲೆ ದರಕು ದಪ್ಪಗೆ ಬಿದ್ದು ಕಲ್ಲು, ಬೇರು, ಗುಂಡಿ ಎಲ್ಲವನ್ನೂ ಮುಚ್ಚಿರುತ್ತದೆ. ಅಲ್ಲಿ ಪಾದವನ್ನು ಅಡ್ಡಡ್ಡ ಇಡದೆ ಸಪಾಟಾಗಿ ಇಡಿ. ಅಡಿಕೆ ಮರದ ಸಂಕದ ಮೇಲೆ ಒಬ್ಬೊಬ್ಬರೇ, ಓಡದೆ. ಮುಂದಿನವರು ದಾಟುವವರೆಗೆ ನಿಂತರೆ ಹೋಗುವುದು ಹತ್ತು ಸೆಕೆಂಡು.

ಕಾಲಿಗೆ, ಬೆನ್ನಿಗೆ

ತಳದಲ್ಲಿ 4–5 ಮಿಲಿಮೀಟರ್ ಹಲ್ಲಿರುವ ಟ್ರೇಲ್ ಶೂ ಇದ್ದರೆ ಒಳ್ಳೆಯದು. ಇಳಿಯುವಾಗ ಬೆರಳು ಮುಂದಕ್ಕೆ ಒತ್ತುವುದರಿಂದ ಹೆಬ್ಬೆರಳಿನ ಮುಂದೆ ಒಂದು ಬೆರಳಿನಗಲ ಜಾಗ ಬೇಕು. ಸಂಜೆ ಹೊತ್ತು ಕಾಲು ಸ್ವಲ್ಪ ಊದಿರುತ್ತದೆ, ಆಗಲೇ ಅಳತೆ ನೋಡಿ. ಓಟಕ್ಕೆ ಮೂರು ದಿನ ಮೊದಲು ಉಗುರು ಕತ್ತರಿಸಿ. ಹೊಸ ಶೂವನ್ನು ಓಟದ ದಿನವೇ ಹಾಕಬೇಡಿ ಎಂಬುದನ್ನು ಎಲ್ಲರೂ ಹೇಳುತ್ತಾರೆ, ನಾನೂ ಹೇಳಿದೆ.

ಬೆನ್ನಿಗೆ ಒಂದೂವರೆ ಲೀಟರ್ ನೀರು ಹಿಡಿಯುವ ಚೀಲ, ಸೀಟಿ, ಕ್ರೇಪ್ ಬ್ಯಾಂಡೇಜ್, ಐನೂರು ರೂಪಾಯಿಯ ಚಿಲ್ಲರೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಫೋನು. ಘಟ್ಟದಲ್ಲಿ ಸಿಗ್ನಲ್ ಸಿಗದ ಜಾಗವೇ ಹೆಚ್ಚು, ಹಾಗಾಗಿ ನಕಾಶೆಯನ್ನು ಮನೆಯಲ್ಲೇ ಇಳಿಸಿಕೊಂಡಿರಿ. ಕತ್ತಲಲ್ಲಿ ಶುರುವಾಗುವ ಓಟಕ್ಕೆ ಹೆಡ್ ಟಾರ್ಚ್ ಕಡ್ಡಾಯ: ಡಿಸೆಂಬರ್ ಕೊನೆಗೆ ಇಲ್ಲಿ ಸೂರ್ಯ ಕಾಣುವುದು ಏಳರ ಸುಮಾರಿಗೆ, ಮರಗಳ ಕೆಳಗೆ ಇನ್ನೂ ತಡ. ಮುಂಜಾವಿನಲ್ಲಿ ದಾರಿಯ ಮೇಲೆ ಹಾವು ಮಲಗಿರುವುದುಂಟು. ದರಕಿನ ಬಣ್ಣಕ್ಕೂ ಕೊಳಕುಮಂಡಲದ ಬಣ್ಣಕ್ಕೂ ವ್ಯತ್ಯಾಸ ಕಾಣಲು ಬೆಳಕು ಬೇಕು.

ಹೊಟ್ಟೆಗೆ

ಹಿಂದಿನ ರಾತ್ರಿ ಕಾರವಾರಕ್ಕೆ ಬಂದಿಳಿದವರು ಮೀನೂಟದ ಹೋಟೆಲಿಗೆ ನುಗ್ಗುವುದನ್ನು ಪ್ರತಿ ವರ್ಷ ಕಾಣುತ್ತೇವೆ. ಮೀನು ಎಲ್ಲಿಗೂ ಓಡಿಹೋಗುವುದಿಲ್ಲ, ಓಟ ಮುಗಿದ ಮೇಲೆ ತಿನ್ನಬಹುದು. ಹಿಂದಿನ ರಾತ್ರಿ ಅನ್ನ, ತಿಳಿಸಾರು, ಮಜ್ಜಿಗೆ ಸಾಕು. ಬೆಳಿಗ್ಗೆ ಓಟಕ್ಕೆ ಎರಡೂವರೆ ತಾಸು ಮೊದಲು ಮೂರ್ನಾಲ್ಕು ತೆಳ್ಳೇವು (ತೆಳು ದೋಸೆ), ಜೋನಿ (ದ್ರವ) ಬೆಲ್ಲ. ತೆಳ್ಳೇವು ಹುಯ್ಯುವವರು ಯಾರೂ ಆ ಹೊತ್ತಿಗೆ ಏಳದಿದ್ದರೆ ಇಡ್ಲಿ. ತೆಂಗಿನಕಾಯಿ ಚಟ್ನಿ ಕಡಿಮೆ ಇರಲಿ, ಕೊಬ್ಬು ನಿಧಾನಕ್ಕೆ ಕರಗುತ್ತದೆ.

ಒಂದೂವರೆ ತಾಸಿಗಿಂತ ಹೆಚ್ಚಿನ ಓಟದಲ್ಲಿ ತಾಸಿಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು. ಎರಡು ಏಲಕ್ಕಿ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ, ಇಪ್ಪತ್ತು ಗ್ರಾಂ ಬೆಲ್ಲದ ಉಂಡೆಯಲ್ಲಿ ಸುಮಾರು 19 ಗ್ರಾಂ. ಪೊಟ್ಟಣದಲ್ಲಿ ಸಿಗುವ ಓಟಗಾರರ ಸಕ್ಕರೆ ಜೆಲ್ ಬೇಕಾದವರು ತರಲಿ, ಆದರೆ ಅಭ್ಯಾಸದ ದಿನ ತಿಂದು ಹೊಟ್ಟೆ ಒಪ್ಪಿದೆಯೇ ನೋಡಿದ ಮೇಲೆ. ತಿನ್ನುವುದು ಏರಿನಲ್ಲಿ, ನಡೆಯುತ್ತಿರುವಾಗ. ಇಳಿಯುವಾಗ ಬಾಯಲ್ಲಿ ಬಾಳೆಹಣ್ಣಿಟ್ಟುಕೊಂಡರೆ ಗಂಟಲಿಗೆ ಸಿಕ್ಕೀತು.

ನೀರು ತಾಸಿಗೆ 400ರಿಂದ 800 ಮಿಲಿಲೀಟರ್, ಬಾಯಾರಿಕೆ ನೋಡಿಕೊಂಡು. ಕರಾವಳಿಯ ಓಟದಲ್ಲಿ ಬೆವರು ಆರುವುದಿಲ್ಲ, ಮೈಮೇಲಿಂದ ಸುರಿಯುತ್ತದೆ ಅಷ್ಟೇ, ಹಾಗಾಗಿ ಮೈ ತಂಪಾಗುವುದಿಲ್ಲ. ಅದೇ ಕಾರಣಕ್ಕೆ ಅಂಕೋಲೆಯಲ್ಲಿ ಓಡುವವರು ಯಲ್ಲಾಪುರದಲ್ಲಿ ಓಡುವಾಗಿನ ವೇಗವನ್ನು ನಿರೀಕ್ಷಿಸಬಾರದು. ಒಆರ್‌ಎಸ್ ಒಯ್ಯುವುದಾದರೆ ಔಷಧ ಅಂಗಡಿಯ ಪುಡಿಯನ್ನೇ ಒಯ್ಯಿರಿ, ಸಿಹಿ ಪಾನೀಯದ ಡಬ್ಬಿಯನ್ನಲ್ಲ. 20.5 ಗ್ರಾಂ ಪೊಟ್ಟಣಕ್ಕೆ ಪೂರ್ತಿ ಒಂದು ಲೀಟರ್ ನೀರು. ಅರ್ಧ ಲೀಟರಿಗೆ ಒಂದು ಪೊಟ್ಟಣ ಸುರಿದರೆ ವಾಂತಿ ಬರುತ್ತದೆ. ಅದರಲ್ಲಿ ಗ್ಲೂಕೋಸ್ ಇರುವುದು 13.5 ಗ್ರಾಂ ಮಾತ್ರ, ಹಾಗಾಗಿ ಅದನ್ನು ಆಹಾರ ಎಂದುಕೊಳ್ಳಬೇಡಿ. ಉಪ್ಪು ಹಾಕಿದ ಮುರುಗಲು (ಕೋಕಂ) ಪಾನಕ ನನಗೆ ಇವೆಲ್ಲಕ್ಕಿಂತ ಇಷ್ಟ. ಇಪ್ಪತ್ತು ಕಿಲೋಮೀಟರ್ ದಾಟಿದ ಮೇಲೆ ಸಿಹಿ ಹೇಸಿಗೆಯಾದಾಗ ಹುಳಿ ಒಳಗೆ ಹೋಗುತ್ತದೆ.

ಬರೇ ನೀರನ್ನು ಸಿಕ್ಕಸಿಕ್ಕಲ್ಲಿ ಗಟಗಟ ಕುಡಿಯುವುದೂ ಅಪಾಯ. ರಕ್ತದ ಸೋಡಿಯಂ ಇಳಿಯುತ್ತದೆ. ಬೆರಳು ಊದಿ ಉಂಗುರ ಬಿಗಿಯಾಗುವುದು, ತಲೆನೋವು, ಓಕರಿಕೆ, ಮಂಕು ಇದರ ಲಕ್ಷಣ. ಬ್ರೂಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ನುಂಗಿ ಓಡಬೇಡಿ. ನೀರಾರಿದ ದೇಹದಲ್ಲಿ ಅವು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ.

ಉಂಬಳ ಮತ್ತು ಉಣುಗು

ನವೆಂಬರಿನವರೆಗೂ ಹಸಿ ಇರುವ ಕಾಡಿನಲ್ಲಿ ಉಂಬಳ (ಜಿಗಣೆ) ಕಚ್ಚದೆ ಇರುವುದಿಲ್ಲ. ಹೊರಗಿನವರು ಕಿರುಚಿಕೊಳ್ಳುತ್ತಾರೆ, ಆದರೆ ಅದರಿಂದ ರಕ್ತ ಒಂದಿಷ್ಟು ಹೋಗುವುದು ಬಿಟ್ಟರೆ ದೊಡ್ಡ ಕೇಡಿಲ್ಲ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟದಂತೆ ಮಾಡುವುದರಿಂದ ಬಿಟ್ಟ ಮೇಲೂ ಸ್ವಲ್ಪ ಹೊತ್ತು ಸೋರುತ್ತದೆ. ಉಗುರಿನಿಂದ ಕೆರೆದು ತೆಗೆಯಿರಿ, ಎಳೆಯಬೇಡಿ. ಕಾಲುಚೀಲಕ್ಕೆ ಸೋಪು ತಿಕ್ಕಿಕೊಂಡು ಹೋಗುವುದು ಹಳೆಯ ಉಪಾಯ.

ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ಉಣುಗಿನ (ಉಣ್ಣೆ ಹುಳದ) ಬಗ್ಗೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ನಮ್ಮ ಸಿದ್ದಾಪುರ, ಹೊನ್ನಾವರ ತಾಲೂಕುಗಳಲ್ಲೂ ಜೀವ ತೆಗೆದಿದೆ. ಅದು ಹೆಚ್ಚುವುದು ಡಿಸೆಂಬರಿನಿಂದ ಮೇವರೆಗೆ, ಅಂದರೆ ಸರಿಯಾಗಿ ಓಟಗಳ ಕಾಲದಲ್ಲೇ. ದರಕಿನಲ್ಲಿ, ಹುಲ್ಲಿನ ತುದಿಯಲ್ಲಿ ಕಾಯುವ ಸಣ್ಣ ಉಣುಗು ಮೈಗೆ ಹತ್ತಿದ್ದು ಗೊತ್ತೇ ಆಗುವುದಿಲ್ಲ. ಓಟದ ದಾರಿ ಇರುವ ಊರಿನಲ್ಲಿ ಮಂಗ ಸತ್ತ ಸುದ್ದಿ ಇದೆಯೇ ಎಂದು ಆ ವಾರ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಆಶಾ ಕಾರ್ಯಕರ್ತೆಯರಲ್ಲೋ ವಿಚಾರಿಸಿ. ಸುದ್ದಿ ಇದ್ದರೆ ಆ ದಾರಿಗೆ ಇಳಿಯಬೇಡಿ, ಪದಕ ಹೋದರೆ ಹೋಗಲಿ. ಇಲ್ಲದಿದ್ದರೂ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು, ಉದ್ದ ಕಾಲುಚೀಲ ಹಾಕಿ ಹೋಗಿ. ದಾರಿಯಲ್ಲಿ ದಣಿವಾಯಿತೆಂದು ದರಕಿನ ಮೇಲೆ ಕೂರಬೇಡಿ, ಮಲಗಲೇಬೇಡಿ. ಬಂಡೆ ನೋಡಿ ಕೂರಿ.

ಓಟದ ದಿನ

ಮೊದಲ ಎರಡು ಕಿಲೋಮೀಟರು ಎಲ್ಲರೂ ನಿಮ್ಮನ್ನು ದಾಟಿ ಹೋಗಲಿ. ಕಾಲುದಾರಿ ಕಿರಿದಾಗಿ ಸಾಲು ಕಟ್ಟಿದಾಗ ಹಿಂದಿನವರು ದಾರಿ ಕೇಳಿದರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಬಿಡಿ. ಗುರುತಿಗೆ ಕಟ್ಟಿದ ರಿಬ್ಬನ್ ಐದು ನಿಮಿಷವಾದರೂ ಕಾಣದಿದ್ದರೆ ಮುಂದೆ ಹೋಗುವ ಹಟ ಬೇಡ. ಕೊನೆಯ ರಿಬ್ಬನ್ ಕಂಡಲ್ಲಿಗೆ ಹಿಂತಿರುಗಿ. ಮಂಗಗಳಿಗೆ, ದನಗಳಿಗೆ ರಿಬ್ಬನ್ ಎಂದರೆ ವಿಪರೀತ ಪ್ರೀತಿ. ನಾಯಿ ಅಟ್ಟಿಸಿಕೊಂಡು ಬಂದರೆ ಓಡಬೇಡಿ, ನಿಂತು ನಡೆಯಿರಿ, ಮನೆಯವರು ಕರೆಯುತ್ತಾರೆ.

ಒಂಬತ್ತು ಗಂಟೆ ಕಳೆದು ಬೇಣದ ಬಯಲಿಗೆ ಬಂದಾಗ ಬಿಸಿಲು ನೇರ ನೆತ್ತಿಗೆ ಹೊಡೆಯುತ್ತದೆ. ಟೋಪಿ ಒದ್ದೆ ಮಾಡಿಕೊಳ್ಳಿ, ವೇಗ ಇಳಿಸಿ. ಪಕ್ಕದಲ್ಲಿ ಓಡುತ್ತಿದ್ದವರ ಮಾತು ತೊದಲಿದರೆ, ದಿಕ್ಕುತಪ್ಪಿದಂತೆ ನಡೆದರೆ ಅದನ್ನು ದಣಿವು ಎಂದು ಬಿಡಬೇಡಿ: ನೆರಳಿಗೆ ಕರೆತಂದು ತಲೆ, ಕುತ್ತಿಗೆ, ಕಂಕುಳಿಗೆ ನೀರು ಸುರಿದು ಗಾಳಿ ಬೀಸಿ, ಇನ್ನೊಬ್ಬರನ್ನು ಸಹಾಯಕ್ಕೆ ಓಡಿಸಿ. ನಿಮ್ಮ ಸಮಯ ಹಾಳಾಯಿತೆಂದು ಯಾವ ಆಯೋಜಕರೂ ದೂರುವುದಿಲ್ಲ.

ಕೊನೆಯ ಇಳಿಜಾರಿಗೆ ಬಂದಾಗ ತೊಡೆಯಲ್ಲಿ ನಡುಕ ಇಲ್ಲದಿದ್ದರೆ, ಹೊರಡಿ. ಬೆಳಿಗ್ಗೆಯಿಂದ ನಡೆದು ಉಳಿಸಿದ್ದನ್ನು ಖರ್ಚು ಮಾಡುವ ಜಾಗ ಅದು. ನಡುಕ ಇದ್ದರೆ ಹೊರೆ ಹೊತ್ತವರ ಹೆಜ್ಜೆ.

ಮುಗಿದ ಮೇಲೆ

ಕೂಡಲೇ ಕುಸಿದು ಕೂರದೆ ಹತ್ತು ನಿಮಿಷ ಅಡ್ಡಾಡಿ. ಒಂದು ತಾಸಿನೊಳಗೆ ಊಟ: ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಜೊತೆಗೆ ಮೊಟ್ಟೆಯೋ ಹೆಸರುಕಾಳೋ ಇದ್ದರೆ ಒಳ್ಳೆಯದು, ಹಿಂದಿನ ರಾತ್ರಿ ತಡೆಹಿಡಿದ ಮೀನಿಗೂ ಈಗ ಪರವಾನಗಿ ಇದೆ. ಬಟ್ಟೆಯನ್ನು ರೂಮಿನ ಹೊರಗೇ ಕಳಚಿ ಬಿಸಿನೀರಿನಲ್ಲಿ ನೆನೆಸಿ. ಸೋಪು ಹಚ್ಚಿ ಸ್ನಾನ ಮಾಡಿ ಮೊಣಕಾಲ ಹಿಂಭಾಗ, ಕಂಕುಳು, ತೊಡೆಸಂದಿ, ಕಿವಿಯ ಹಿಂದೆ ಉಣುಗು ಇದೆಯೇ ನೋಡಿ, ಬೆನ್ನು ನೋಡಲು ಇನ್ನೊಬ್ಬರಿಗೆ ಹೇಳಿ. ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ, ಹಿಚುಕಬೇಡಿ.

ಎರಡನೇ ದಿನ ಮೆಟ್ಟಿಲನ್ನು ಹಿಂದುಮುಂದಾಗಿ ಇಳಿಯಬೇಕಾಗಬಹುದು, ಅದು ಸಹಜ. ಮೂತ್ರ ಚಹಾದ ಕಷಾಯದ ಬಣ್ಣಕ್ಕೆ ತಿರುಗಿದರೆ ಸಹಜವಲ್ಲ, ಅಂದೇ ಆಸ್ಪತ್ರೆಗೆ ಹೋಗಬೇಕು. ಒಂದು ವಾರ ನಡಿಗೆ, ಈಜು. ಆಮೇಲೆ ಸಮತಟ್ಟಿನಲ್ಲಿ ಓಟ. ಮುಂದಿನ ಎರಡು ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಓಟದ ಆಯಾಸ ಎಂದು ಮನೆಯಲ್ಲಿ ಕೂರಬೇಡಿ. ವೈದ್ಯರ ಬಳಿ ಹೋಗಿ, ಯಾವ ತಾಲೂಕಿನ ಕಾಡಿನಲ್ಲಿ ಯಾವ ತಾರೀಕಿಗೆ ಓಡಿದ್ದೀರಿ ಎಂದು ಅವರು ಕೇಳುವ ಮೊದಲೇ ಹೇಳಿ.